ನಾನು ನೇಮಿಸಿದ ನ್ಯಾಯಮೂರ್ತಿಗಳು

ಮಾಜಿಗಳಾದವರಿಗೆ ಬೇರೆ ಚಟಗಳೆಲ್ಲ ಬಿಟ್ಟುಹೋದರೂ ಒಂದು ಮಾತ್ರ ಉಳಿದುಬಿಡುತ್ತದೆ. ತಾವು ಕುರ್ಚಿ ಬಿಟ್ಟ ಮೇಲೆ ಜನ ತಮ್ಮ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೆ ಎಂದು ಕಿವಿ ಚುರುಕು ಮಾಡಿಕೊಂಡು ಓಡಾಡುವ ಚಟ. ಇದು ನನಗೆ ಹೇಗೆ ಗೊತ್ತು ಅಂದರೆ ನಾನೂ ಒಬ್ಬ ಮಾಜಿ ಅಧ್ಯಕ್ಷ. ಗಾಬರಿಯಾಗಬೇಡಿ, ಅಮೆರಿಕಕ್ಕಲ್ಲ, ವಾಷಿಂಗ್ಟನ್ ಪಕ್ಕದ ನಮ್ಮ ಕನ್ನಡ ಕೂಟಕ್ಕೆ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳಿಗೆಲ್ಲ ಬುದ್ಧಿಭ್ರಮಣೆಯಾಗುತ್ತದೆ ಎಂಬ ಭಯದಿಂದ ನಮ್ಮಂಥವರಿಗೆ ಅಲ್ಲೇ ಹತ್ತಿರದ ಹರ್ನ್‌ಡನ್ನಿನಲ್ಲಿ ಕೆಲಸ ಸಿಕ್ಕುತ್ತಿದ್ದ ಕಾಲ ಅದು. ಕೂಟಕ್ಕೆ ಹೊಸಬರು ಬಂದು ಸೇರುತ್ತಲೇ ಇದ್ದರು, ಅಧ್ಯಕ್ಷರಾಗಲು ಮಾತ್ರ ಯಾರೂ ಸಿಗುತ್ತಿರಲಿಲ್ಲ. ಆ ಸಲದ ವಾರ್ಷಿಕ ಸಭೆಯ ನಡುವೆ ಮೈಕಿನಲ್ಲಿ, “ಯಾರದೋ ಬಿಳಿ ಕಾರಿನ ಹೆಡ್‌ಲೈಟ್ ಉರೀತಾ ಇದೆಯಂತೆ” ಎಂದರು. ಕಾರು ನನ್ನದೇ. ಹೋಗಿ ಆರಿಸಿ ಬರುವಷ್ಟರಲ್ಲಿ ಇಡೀ ಸಭೆ ನನ್ನ ಕಡೆ ನೋಡಿ ಚಪ್ಪಾಳೆ ತಟ್ಟುತ್ತಿತ್ತು. ಒಂದು ಲೈಟು ಆರಿಸಿದ್ದಕ್ಕೆ ಇಷ್ಟೊಂದು ಮೆಚ್ಚುಗೆಯೇ ಎಂದುಕೊಂಡು ನಾನೂ ಕೈ ಮುಗಿದೆ. ಅದನ್ನೇ ಒಪ್ಪಿಗೆ ಎಂದು ಪರಿಗಣಿಸಲಾಯಿತು.

ಇನ್ನು ನಮ್ಮ ಡಾಕ್ಟರ್ ಅಂಕಲ್ ಬಗ್ಗೆ ಹೇಳಬೇಕು. ಅರವತ್ತರ ದಶಕದ ಕೊನೆಯಲ್ಲೇ ಮೈಸೂರಿನಿಂದ ಬಂದು ನೆಲೆಸಿದ ಹೃದಯದ ಡಾಕ್ಟರು ಅವರು. ಯಾರ ಮನೆಯ ಊಟವಿರಲಿ, ಹುಳಿ ಮುಗಿಯುವ ತನಕ ಸೌಮ್ಯವಾಗಿದ್ದು, ಮೊಸರನ್ನಕ್ಕೆ ಬಂದ ಕೂಡಲೇ ಅಮೆರಿಕದ ರಾಜಕೀಯಕ್ಕೆ ಇಳಿಯುತ್ತಾರೆ. “ನೋಡಪ್ಪಾ ಮೂರ್ತಿ,” ಎಂದು ಒಂದು ಸಲ ನನಗೆ ಪಾಠ ಮಾಡಿದರು. “ಪ್ರೆಸಿಡೆಂಟು ಟ್ಯಾಕ್ಸ್ ಇಳಿಸಿದ್ನಾ, ಯುದ್ಧ ಗೆದ್ನಾ, ಅದೆಲ್ಲ ಜನ ಮರೀತಾರೆ. ಸುಪ್ರೀಂ ಕೋರ್ಟಲ್ಲಿ ಯಾರನ್ನ ಕೂರಿಸಿ ಹೋದ ಅನ್ನೋದನ್ನ ನೋಡು. ಇವನು ಹೋದ್ರೂ ಅವರು ಹೋಗಲ್ಲ, ಸಾಯೋ ತನಕ ಅಲ್ಲೇ. ತಮಾಷೆ ಏನು ಗೊತ್ತಾ? ನಮ್ಮೋನು ಅಂತ ನಂಬಿ ಕೂರಿಸಿರ್ತಾನೆ. ಕೂತ ಮೇಲೆ ಆ ಪುಣ್ಯಾತ್ಮ ಇವನಿಗೆ ಆಗದೇ ಇರೋ ತೀರ್ಪೇ ಬರೀತಾನೆ.” ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆಗಿನ್ನೂ ಅಧಿಕಾರದಲ್ಲಿದ್ದೆನಲ್ಲ.

ಆ ಮಾತು ನನ್ನ ತಲೆಯಲ್ಲಿ ಬೇರೆಯೇ ರೀತಿ ಬೇರು ಬಿಟ್ಟಿತು. ನಮ್ಮ ಕೂಟದ ದೊಡ್ಡ ತಲೆನೋವು ಎಂದರೆ ರಾಜ್ಯೋತ್ಸವದ ದಿನದ ಮಕ್ಕಳ ಕನ್ನಡ ಭಾಷಣ ಸ್ಪರ್ಧೆ. ಪ್ರತಿ ವರ್ಷ ಆ ವರ್ಷದ ಅಧ್ಯಕ್ಷರೇ ತೀರ್ಪುಗಾರರನ್ನು ಆರಿಸುತ್ತಿದ್ದರು, ಪ್ರತಿ ವರ್ಷ ಅಧ್ಯಕ್ಷರ ಮನೆಯ ಮಗುವಿನ ಪ್ರತಿಭೆ ಇದ್ದಕ್ಕಿದ್ದಂತೆ ಅರಳುತ್ತಿತ್ತು. ಆಮೇಲೆ ಉಳಿದ ತಂದೆತಾಯಿಗಳು ದೀಪಾವಳಿಗೆ ಒಬ್ಬರ ಮನೆಗೆ ಒಬ್ಬರು ಹೋಗುತ್ತಿರಲಿಲ್ಲ. ಇದನ್ನು ಸರಿಮಾಡಿದವನು ಮೂರ್ತಿ ಎಂದು ಮುಂದಿನ ಪೀಳಿಗೆ ನೆನೆಯಬೇಕು ಎಂಬ ಆಸೆ ನನಗೆ ಹತ್ತಿತು. ಸುಪ್ರೀಂ ಕೋರ್ಟಿನ ಮಾದರಿಯಲ್ಲೇ ಒಂದು ನಿಯಮ ಬರೆದೆ: ಮೂವರು ತೀರ್ಪುಗಾರರು, ಈ ಊರಲ್ಲಿರುವ ತನಕ ಅವರೇ, ಯಾವ ಅಧ್ಯಕ್ಷರೂ ಅವರನ್ನು ತೆಗೆಯುವಂತಿಲ್ಲ, ಮೇಲ್ಮನವಿಗೆ ಅವಕಾಶವಿಲ್ಲ. ಕೊನೆಯ ಸಾಲು ಬರೆದಾಗ ನನಗೇ ರೋಮಾಂಚನವಾಯಿತು. ಊಟಕ್ಕೆ ಹೊತ್ತಾಗಿ ವಡೆ ಆರುತ್ತಿದ್ದುದರಿಂದ ಸಭೆ ಒಂದೂ ಪ್ರಶ್ನೆ ಕೇಳದೆ ಒಪ್ಪಿಕೊಂಡಿತು.

ಯಾರನ್ನು ನೇಮಿಸುವುದು? ನನ್ನ ಮಗಳು ಮೇಘಾ ಆಗಿನ್ನೂ ಚಿಕ್ಕವಳು, ಸ್ಪರ್ಧೆಯ ವಯಸ್ಸಿಗೆ ಬಂದಿರಲಿಲ್ಲ. ಮುಂದೆ ಬರುತ್ತಾಳೆ ಎಂಬ ವಿಷಯ ನನ್ನ ಮನಸ್ಸಿನಲ್ಲಿ ಇರಲೇ ಇಲ್ಲ ಎಂದರೆ ನೀವು ನಂಬುವುದಿಲ್ಲ, ನನ್ನ ಹೆಂಡತಿ ವಸುಧಾ ಅಂತೂ ಇವತ್ತಿಗೂ ನಂಬಿಲ್ಲ. ಡಾಕ್ಟರ್ ಅಂಕಲ್‌ರನ್ನು ಆರಿಸಿದೆ, ಭಾಷಣ ಶುರುವಾದರೆ ಅವರಿಗೆ ತೂಕಡಿಕೆ ಬರುತ್ತಿತ್ತು. ಎರಡನೆಯವನು ರಘು. ಡಲ್ಲೆಸ್ ಟೋಲ್ ರೋಡಿನಲ್ಲಿ ದಿನಾ ನನ್ನ ಜೊತೆ ಒಂದೇ ಕಾರಿನಲ್ಲಿ ಆಫೀಸಿಗೆ ಬರುವ ಮನುಷ್ಯ, ನನ್ನ ಮುಖ ಮುರಿಯುವ ಧೈರ್ಯ ಅವನಿಗೆಲ್ಲಿಂದ ಬರಬೇಕು? ಮೂರನೆಯವರು ಧಾರವಾಡದ ಕಡೆಯ ನೀಲಕ್ಕ. ಸೇತುವೆ ಕಟ್ಟುವ ಇಂಜಿನಿಯರು, ನಮ್ಮ ಮನೆಯ ಬಿಸಿಬೇಳೆಭಾತನ್ನು ಎರಡೆರಡು ಸಲ ಹಾಕಿಸಿಕೊಂಡು ಉಂಡವರು. ಹೀಗೆ ಅಳೆದೂ ಸುರಿದೂ ಮೂವರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, “ನೀವು ಯಾರ ಮುಖವನ್ನೂ ನೋಡಬೇಡಿ, ನನ್ನದನ್ನೂ ಕೂಡ” ಎಂದು ಭಾವುಕನಾಗಿ ಹೇಳಿದೆ. ಇಂಥ ಮಾತುಗಳನ್ನು ವೇದಿಕೆಯ ಮೇಲೆ ಎಲ್ಲರೂ ಆಡುತ್ತಾರೆ. ಅವರು ಅದನ್ನು ನಿಜವೆಂದು ತಿಳಿಯುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

ನನ್ನ ಅವಧಿ ಮುಗಿಯಿತು. ಮೇಘಾ ಬೆಳೆದಳು. ಅವಳು ಸ್ಪರ್ಧೆಗೆ ಹೆಸರು ಕೊಟ್ಟ ವರ್ಷ ನಾನೇ ಕೂತು ಭಾಷಣ ಬರೆದೆ. ವಿಷಯ ತಾಯ್ನುಡಿಯ ಹಿರಿಮೆ. ‘ಕಸ್ತೂರಿಯ ಕಂಪು’, ‘ರಕ್ತದ ಕಣಕಣ’, ಯಾವುದನ್ನೂ ಬಿಡಲಿಲ್ಲ. ಮಗಳಿಗೆ ಕನ್ನಡ ಓದಲು ಬಾರದಾದ್ದರಿಂದ ಅಷ್ಟನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟು ಕಾರಿನಲ್ಲಿ, ಅಂಗಡಿಯ ಸಾಲಿನಲ್ಲಿ, ಹಲ್ಲಿನ ಡಾಕ್ಟರ ಬಾಗಿಲಲ್ಲಿ ಉರು ಹೊಡೆಸಿದೆ. “ನೋ, ನೋ, ಹೌ ಮೆನಿ ಟೈಮ್ಸ್ ಶುಡ್ ಐ ಟೆಲ್ ಯು” ಎಂದು ಗದರಿಸಿ ಗದರಿಸಿ ಅವಳ ಬಾಯಲ್ಲಿ ತಾಯ್ನುಡಿಯನ್ನು ತಿದ್ದಿದೆ. ಆಗ ಇದರಲ್ಲಿ ನನಗೆ ಏನೂ ವಿಚಿತ್ರ ಕಾಣಿಸಲಿಲ್ಲ.

ಆ ದಿನ ಮೇಘಾ ರೇಷ್ಮೆ ಲಂಗ ಉಟ್ಟು, ಒಂದಕ್ಷರವೂ ತಪ್ಪದೆ ಭಾಷಣ ಒಪ್ಪಿಸಿದಳು. ಸಭೆ ಬಾಯಿ ಬಿಟ್ಟುಕೊಂಡು ಕೇಳಿತು. ನಾನು ಮನಸ್ಸಿನಲ್ಲೇ ಟೀವಿಯ ಮೇಲಿದ್ದ ಹೂದಾನಿ ಸರಿಸಿ ಬಹುಮಾನದ ಕಪ್ಪಿಗೆ ಜಾಗ ಮಾಡುತ್ತಿದ್ದೆ. ಅಷ್ಟರಲ್ಲಿ ನೀಲಕ್ಕ ಮೈಕು ಎಳೆದುಕೊಂಡರು. ಭಾಷಣವಾದ ಮೇಲೆ ಮಗುವಿಗೆ ಒಂದೆರಡು ಸುಲಭದ ಪ್ರಶ್ನೆ ಕೇಳುವುದೆಂದು ಈ ಮೂವರೂ ಆ ವರ್ಷದಿಂದ ಹೊಸ ಪದ್ಧತಿ ತಂದಿದ್ದರು.

“ಭಾಳ ಚಂದ ಹೇಳಿದಿ ಮೇಘಾ. ಮನ್ಯಾಗ ಕನ್ನಡ ಯಾರ ಜೋಡಿ ಮಾತಾಡ್ತಿ?” 

“ಅಜ್ಜಿ ಜೊತೆ. ಫೋನಲ್ಲಿ. ಎವ್ರಿ ಸಂಡೇ.”

“ಮತ್ತ ಅಪ್ಪನ ಜೋಡಿ?”

ಮೇಘಾ ಸ್ವಲ್ಪ ಯೋಚಿಸಿದಳು. ಮೂರನೇ ಸಾಲಿನಿಂದ ನಾನು ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಲೇ ಇದ್ದೆ, ಅವಳು ನೋಡಲಿಲ್ಲ. “ಅಪ್ಪ ಇಂಗ್ಲಿಷ್‌ನಲ್ಲಿ ಬೈತಾರೆ,” ಎಂದಳು. “ಸ್ಪೀಚ್ ಮಾತ್ರ ಕನ್ನಡ.”

ಆ ಸಭಾಂಗಣದಲ್ಲಿ ಎದ್ದ ನಗು ಪಾರ್ಕಿಂಗ್ ಲಾಟಿನ ತನಕ ಕೇಳಿಸಿರಬೇಕು. ನನಗೆ ಮತ್ತೊಮ್ಮೆ ಹೆಡ್‌ಲೈಟ್ ಆರಿಸಲು ಹೋಗಬೇಕೆನ್ನಿಸಿತು. ಮೊದಲ ಬಹುಮಾನ ಹೋದದ್ದು, ತನ್ನಮ್ಮ ಒಗ್ಗರಣೆ ಹಾಕಿದಾಗಲೆಲ್ಲ ಹೊಗೆ ಕಂಡರೆ ಕೂಗುವ ಅಲಾರಂ ಹೊಡೆದುಕೊಂಡು, ಅದನ್ನು ಸುಮ್ಮನಾಗಿಸಲು ಅಪ್ಪ ಟವೆಲ್ ಬೀಸುವುದನ್ನು ಮುರುಕು ಮುರುಕು ಕನ್ನಡದಲ್ಲಿ ವರ್ಣಿಸಿದ ಹುಡುಗಿಗೆ. ಮೇಘಾಗೆ ಏನೂ ಇಲ್ಲ. ತೀರ್ಪು ಓದಿದವರು ಡಾಕ್ಟರ್ ಅಂಕಲ್, ಆ ದಿನವೇ ಅವರಿಗೆ ಎಚ್ಚರವಿರಬೇಕೇ? “ಮೇಘಾಳ ಭಾಷಣ ಬಹಳ ಪ್ರೌಢವಾಗಿತ್ತು. ಅದನ್ನು ಬರೆದವರಿಗೆ ಬಹುಮಾನ ಕೊಡೋಣವೆಂದರೆ ಅವರ ವಯಸ್ಸು ಮೀರಿದೆ” ಎಂದರು.

ಕಾರಿನಲ್ಲಿ ಮೇಘಾ, “ಆಂಟಿ ಕೇಳಿದ್ದಕ್ಕೆ ಐ ಟೋಲ್ಡ್ ದ ಟ್ರೂತ್, ಅಲ್ವಾ ಅಪ್ಪ?” ಎಂದು ಕೇಳಿದಳು. ವಸುಧಾ ಕಿಟಕಿಯ ಕಡೆ ತಿರುಗಿ ಕೂತಳು, ಅವಳ ಭುಜ ಮಾತ್ರ ಕುಲುಕುತ್ತಿತ್ತು. ನನಗೆ ಸಿಟ್ಟು ಬಂದಿತ್ತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಗಿತ್ತು, ಸಿಟ್ಟನ್ನೇ ಮುಂದೆ ಮಾಡಿದೆ. ಹಾಲಿ ಅಧ್ಯಕ್ಷನಿಗೆ ಫೋನು ಮಾಡಿ, ಇದು ಅನ್ಯಾಯ, ಪ್ರಶ್ನೆ ಕೇಳುವ ಅಧಿಕಾರ ಅವರಿಗೆ ಯಾರು ಕೊಟ್ಟರು ಎಂದು ಹಾರಾಡಿದೆ. ಆತ ವಿನಯವಂತ. “ಸಾರ್, ನಾನೇನು ಮಾಡ್ಲಿ? ಯಾರೂ ಮುಟ್ಟಕ್ಕಾಗದ ಹಾಗೆ ನೀವೇ ಮಾಡಿ ಹೋಗಿದ್ದೀರಲ್ಲ” ಎಂದ. ಮಾರನೆಯ ದಿನ ಕಾರು ಓಡಿಸುವ ಸರದಿ ರಘುವಿನದು. ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ. “ಬೇಜಾರಾಯ್ತೇನೋ?” ಎಂದ. ಇಲ್ಲವೆಂದೆ. “ನೀನೇ ಹೇಳಿದ್ಯಲ್ಲ, ಯಾರ ಮುಖಾನೂ ನೋಡ್ಬೇಡಿ ಅಂತ. ಶಾಲು ಹೊದಿಸಿ ಹೇಳ್ದೆ ಕಣೋ, ಮರೆಯೋಕಾಗತ್ತಾ?” ಎಂದ.

ಆಮೇಲೆ ಒಂದು ಊಟದ ಮನೆಯಲ್ಲಿ, ಮೊಸರನ್ನದ ಹೊತ್ತಿಗೆ ಸರಿಯಾಗಿ, ಮಾಜಿ ಅಧ್ಯಕ್ಷರನ್ನು ಅವರು ನೇಮಿಸಿದವರಿಂದ ಅಳೆಯುವುದು ತಪ್ಪು ಎಂದು ನಾನು ವಾದ ಹೂಡಿದೆ. ನನ್ನನ್ನೇ ನೋಡಿ ಎಂದೆ: ಕೂಟಕ್ಕೆ ಅಷ್ಟು ದೊಡ್ಡ ಕಾಫಿ ಕೊಳಗ ತಂದವನು ಯಾರು? ಒಳ್ಳೆಯ ಸಭಾಂಗಣ ಗೊತ್ತುಮಾಡಿದವನು ಯಾರು? “ಆ ಕೊಳಗ ನೀನು ತಂದಿದ್ದಾ?” ಎಂದು ಡಾಕ್ಟರ್ ಅಂಕಲ್ ನಿಜವಾಗಿ ಆಶ್ಚರ್ಯಪಟ್ಟರು. “ಅದು ಸೋರತ್ತಪ್ಪಾ.” ಆಮೇಲೆ ನನ್ನ ಬೆನ್ನು ತಟ್ಟಿ, “ನೀನು ಮಾಡಿದ ಒಳ್ಳೇ ಕೆಲಸ ಅಂದ್ರೆ ನಮ್ಮನ್ನ ಕೂರಿಸಿದ್ದು. ಈಗ ದೀಪಾವಳಿಗೆ ಎಲ್ರೂ ಎಲ್ರ ಮನೆಗೂ ಹೋಗ್ತಾರೆ ನೋಡು” ಎಂದರು. ನಿಜ, ಹೋಗುತ್ತಿದ್ದರು. ನಮ್ಮ ಮನೆಗೂ ಬಂದು ಒಬ್ಬೊಬ್ಬರೂ, “ಮೂರ್ತಿ, ಇಂಗ್ಲಿಷಲ್ಲಿ ಏನಾದ್ರೂ ಬೈರಿ ಕೇಳೋಣ” ಎಂದು ಚಕ್ಕುಲಿ ಮುರಿಯುತ್ತಿದ್ದರು.

ಮುಂದಿನ ವರ್ಷ ಮೇಘಾ ತನ್ನ ಭಾಷಣವನ್ನು ನನಗೆ ತೋರಿಸಲೇ ಇಲ್ಲ. ಅಂಗಲಾಚಿದೆ. “ಪೇರೆಂಟ್ಸ್ ಹೆಲ್ಪ್ ಮಾಡಬಾರದು, ನೀಲಾ ಆಂಟಿ ಸೆಡ್ ಸೋ” ಎಂದು ಕೋಣೆಯ ಬಾಗಿಲು ಹಾಕಿಕೊಂಡಳು. ವೇದಿಕೆಯ ಮೇಲೆ ನಿಂತು ಅವಳು ಹೇಳಿದ್ದು ಇಷ್ಟೇ: “ನಮ್ಮಪ್ಪ ಮುಂಚೆ ಪ್ರೆಸಿಡೆಂಟ್ ಇದ್ದರು. ಅವರು ಮೂರು ಜಡ್ಜ್ ಮಾಡಿದರು. ಜಡ್ಜ್ ನನಗೆ ಪ್ರೈಜ್ ಕೊಡಲಿಲ್ಲ. ಅಪ್ಪನಿಗೆ ತುಂಬಾ ಕೋಪ ಬಂತು. ಈಗ ಅಪ್ಪ ಕನ್ನಡದಲ್ಲಿ ಬೈತಾರೆ. ನನಗೆ ಎಲ್ಲಾ ಅರ್ಥ ಆಗತ್ತೆ. ಕತ್ತೆ ಅಂದರೆ ಡಾಂಕಿ. ಆದರೆ ಅಪ್ಪ ನಗ್ತಾ ಹೇಳ್ತಾರೆ.” ನೀಲಕ್ಕ ಪ್ರಶ್ನೆ ಕೇಳಲು ಮೈಕು ಎತ್ತಿದವರು ಹಾಗೇ ಕೆಳಗಿಟ್ಟರು. ನನ್ನ ಕಣ್ಣು ತುಂಬಿಬಂದಿತ್ತು. ಪಕ್ಕದಲ್ಲಿ ವಸುಧಾ ಇದ್ದಳೆಂದು ಕನ್ನಡಕ ಒರೆಸುವ ನೆಪ ಮಾಡಿದೆ.

ಮೇಘಾಗೆ ಎರಡನೇ ಬಹುಮಾನ ಬಂತು. ಮೊದಲನೆಯದೇ ಬರಬೇಕಿತ್ತು, ಇದು ಶುದ್ಧ ಅನ್ಯಾಯ, ಯಾವ ಕೋರ್ಟಿನಲ್ಲಾದರೂ ಗೆಲ್ಲುತ್ತೇನೆ ಎಂದು ನನಗೆ ಈಗಲೂ ಅನ್ನಿಸುತ್ತದೆ. ಆದರೆ ಮೇಲ್ಮನವಿಗೆ ಅವಕಾಶವಿಲ್ಲ. ಆ ಸಾಲು ಬರೆದವನು ನಾನೇ.