ಕಿಟಕಿ ಕೋಣೆಯ ಸುಳಿ

ತೊಂದರೆ ಶುರುವಾದದ್ದು ಚಹಾ ಲೋಟದಿಂದ. ಚಮಚ ತಿರುಗಿಸುತ್ತ, ಲೋಟದಲ್ಲೆದ್ದ ಸುಳಿಯನ್ನೇ ನೋಡುತ್ತ ಸುಳಿರಾಯ ಮೈಮರೆತು ಕೂತುಬಿಟ್ಟ.

ಮೋಟಾರು ಕಾರ್ಖಾನೆಯಲ್ಲಿ ಅವನಿಗೆ ಆ ಅಡ್ಡಹೆಸರು ಬಂದದ್ದು ಕೆಲಸದಿಂದಲೇ. ಮೋಟಾರು ತಿರುಗುವಾಗ ಒಳಗಿನ ಅಯಸ್ಕಾಂತದಲ್ಲಿ ವಿದ್ಯುತ್ತು ಹೀಗೇ ಸುಳಿಸುಳಿಯಾಗಿ ಸುತ್ತಿ, ಬರೀ ಬಿಸಿಯಾಗಿ ಪೋಲಾಗುತ್ತದೆ. ಎಷ್ಟು ಪೋಲಾದೀತೆಂದು ಮೊದಲೇ ಲೆಕ್ಕ ಹಾಕಿ ಹೇಳುವವನು ಇವನು. ಹೊಸ ಮೋಟಾರಿನ ಲೆಕ್ಕ ಇವತ್ತು ಮುಗಿಸಿದರೆ, ಖಾಲಿ ಬಿದ್ದ ಕಿಟಕಿ ಕೋಣೆ ಅವನಿಗೇ ಎಂದಿದ್ದರು ಸಾಹೇಬರು. ಬಾಗಿಲಿರುವ ಕೋಣೆ! ಬೆಳಿಗ್ಗೆಯಿಂದ ಅವನು ಅದರ ಬೆಳಕಿನಲ್ಲೇ ತೇಲುತ್ತಿದ್ದ.

"ಏನೋ, ಲೋಟದಲ್ಲಿ ಭವಿಷ್ಯ ಕಾಣ್ತಿದೆಯಾ?" ನಕ್ಷೆ ಬರೆಯುವ ಅಕ್ಕ ಬಂದು ಮೇಜಿಗೆ ಒರಗಿದರು.

"ಅಲ್ಲಕ್ಕಾ, ಅಯಸ್ಕಾಂತ..."

"ಅದಿರ್ಲಿ ಬಿಡು. ನನ್ನ ನಾದಿನಿ ಏನ್ಮಾಡಿದ್ಳು ಗೊತ್ತಾ?"

ನಾದಿನಿಯ ಕತೆ ಕೇಳಲು, ಇಡೀ ಆಫೀಸಿಗೇ ಮಾವನಾದ ಖರೀದಿ ಗುಮಾಸ್ತರು ಬಂದರು. ಅವರ ಬೆನ್ನಿಗೇ ಟೈಪಿಸ್ಟ್ ಚಿಕ್ಕಮ್ಮ. ಮೂವರೂ ಮೇಜಿನ ಸುತ್ತ ಸುತ್ತತೊಡಗಿದರು.

"ಹೊಸಾ ಪರದೆ! ನಾಲ್ಕು ತುಂಡು ಮಾಡಿದ್ಳು!"

"ನಾಲ್ಕಾ?" ಎಂದರು ಮಾವ.

"ನಾಲ್ಕು!"

'ಅಯಸ್ಕಾಂತದಲ್ಲಿ ಎಷ್ಟು ತುಂಡು?' ಎಂದು ಕಂಪ್ಯೂಟರು ಕೇಳುತ್ತಿತ್ತು. ನಕ್ಷೆಯಲ್ಲಿದ್ದದ್ದು ಒಂದೇ ಇಡೀ ತುಂಡು. ಸುಳಿರಾಯನ ಬೆರಳು ಕನಸಿನಲ್ಲೆಂಬಂತೆ ನಾಲ್ಕನ್ನು ಒತ್ತಿತು.

"ಓಡಿಸಿ ಸಾರ್, ಬಿಸಿನೇ ಆಗಲ್ಲ," ಎಂದು ಲೆಕ್ಕ ಮುಗಿಸಿ ಸಾಹೇಬರಿಗೆ ಹೇಳಿದ.

ಹೊಸ ಮೋಟಾರು ಓಡಿಸಿದರು. ತುಸು ಹೊತ್ತಿಗೆಲ್ಲ, ಅಯಸ್ಕಾಂತಕ್ಕೆ ಹಚ್ಚಿದ ಅಂಟು ಸುಟ್ಟ ವಾಸನೆ. ಕಾದ ಅಯಸ್ಕಾಂತ ಬಲ ಕಳೆದುಕೊಂಡು, ಮೋಟಾರು ಊಟವಾದ ಗುಮಾಸ್ತನಂತೆ ತೂಕಡಿಸಿ ನಿಂತಿತು.

"ಏನಯ್ಯಾ ಇದು?" ಎಂದರು ಸಾಹೇಬರು.

"ತಪ್ಪಾಯ್ತು ಸಾರ್. ಒಂದೇ ತುಂಡನ್ನ ನಾಲ್ಕು ಅಂತ ಹಾಕ್ಬಿಟ್ಟೆ. ಇಡೀ ತುಂಡಲ್ಲಿ ವಿದ್ಯುತ್ತಿಗೆ ಸುತ್ತೋಕೆ ಜಾಗ ಜಾಸ್ತಿ, ನಷ್ಟ ಜಾಸ್ತಿ. ನಾಲ್ಕು ಮಾಡಿ ನಡುವೆ ತಡೆ ಇಟ್ರೆ ಸುತ್ತಾಟ ನಿಲ್ಲುತ್ತೆ."

"ಲೆಕ್ಕ ಹಾಕೋವಾಗ ಗಮನ ಎಲ್ಲಿತ್ತು?"

ಸುಳಿರಾಯ ತನ್ನ ಮೇಜಿನ ಕಡೆ ನೋಡಿದ. ಮೂವರೂ ಇನ್ನೂ ಅಲ್ಲೇ ಸುತ್ತುತ್ತಿದ್ದರು. ಸಾಹೇಬರೂ ನೋಡಿದರು, ಬಹಳ ಹೊತ್ತು.

"ಅರ್ಥವಾಯ್ತು. ಸಂಜೆಗೇ ಕಿಟಕಿ ಕೋಣೆಗೆ ಹೋಗು."

ಸಂಜೆ, ನೆಲಕ್ಕೆ ಕಾಲು ತಾಗದವನಂತೆ ಲೋಟ ಹಿಡಿದು ಹೋದ. ಬಾಗಿಲು ತೆರೆದ. ಬಡಗಿ ಪ್ಲೈವುಡ್ ಹಲಗೆ ನಿಲ್ಲಿಸಿ, ಕೋಣೆಯನ್ನು ಸಾಲಾಗಿ ನಾಲ್ಕು ಮಾಡಿದ್ದ. ಕಿಟಕಿ ಅಕ್ಕನ ಪಾಲಿಗೆ ಹೋಗಿತ್ತು. ಇವನದು ನಡುವಿನದೊಂದು, ಒಂದು ಬದಿಗೆ ಚಿಕ್ಕಮ್ಮ, ಇನ್ನೊಂದು ಬದಿಗೆ ಮಾವ.

"ನಿನ್ನದೇ ಐಡಿಯಾ ಅಂತೆ!" ಮಾವ ಹಲಗೆಯ ಮೇಲಿಂದ ತಲೆ ಹಾಕಿದರು. "ನಡುವೆ ತಡೆ ಇದ್ರೆ ನಾವು ಸುತ್ತಲ್ಲ ಅಂದ್ರು ಸಾಹೇಬ್ರು. ನಿಜ ಕಣೋ, ಕೂತಲ್ಲಿಂದಾನೇ ಎಲ್ಲಾ ಕೇಳಿಸುತ್ತೆ!"

ಸುಳಿರಾಯ ಕೂತು, ಚಮಚ ಎತ್ತಿಕೊಂಡ.

"ಆಮೇಲೆ ಆ ನಾದಿನಿ..." ಕಿಟಕಿಯ ಕಡೆಯಿಂದ ಅಕ್ಕ ಕೂಗಿದರು.