ಅರವತ್ಮೂರನೇ ನಂಬರಿನ ಬಸ್ಸಿಗೆ ತಾವು ಆಡಿಸಿದ ಕೈಬೆರಳುಗಳು

ಮಣ್ಣು-ರೊಟ್ಟಿ ಪಕ್ಷದ ಹನ್ನೊಂದು ಮಂದಿ ಸದಸ್ಯರ ಸಮಕ್ಷಮಕ್ಕೆ,
ಓಲ್ಡೆವೀರ್, ನೆದರ್‌ಲೆಂಡ್ಸ್

ಮಾನ್ಯರೇ,

ಎರೆಹುಳದಿಂದ ಹಿಡಿದು ಕೂಲಿಕಾರರವರೆಗೆ ಸಕಲರ ಯೋಗಕ್ಷೇಮವನ್ನೂ ಪ್ರತಿ ಗುರುವಾರ ವಿಚಾರಿಸಿಕೊಳ್ಳುವ ತಮ್ಮ ಹಸಿರು, ಎಡಪಂಥೀಯ ಹಾಗೂ ಅತ್ಯಂತ ಸಣ್ಣ ಪಕ್ಷಕ್ಕೆ, ಕಾಲುವೆ ಬೀದಿಯ ನಿವೃತ್ತ ಹೊಲಿಗೆ ಟೀಚರ್, ಎಪ್ಪತ್ನಾಲ್ಕರ ಅಫ್ಕೆ ವಾರಿಂಗಾ ಮಾಡುವ ವಿನಯಪೂರ್ವಕ ವಂದನೆಗಳು. ಕಳೆದ ಚುನಾವಣೆಯಲ್ಲಿ ತಮಗೆ ಮತ ಹಾಕಿದವಳು ನಾನು. ಹಾರ್ಸಮ್‌ಗೆ ಹೋಗುವ ಅರವತ್ಮೂರನೇ ನಂಬರಿನ ಬಸ್ಸನ್ನು ಪ್ರಾಣ ಕೊಟ್ಟಾದರೂ ಉಳಿಸುತ್ತೇವೆಂದು ತಾವು ಕರಪತ್ರದಲ್ಲಿ ಬರೆದಿದ್ದಿರಿ. ತಮ್ಮ ಪ್ರಾಣವನ್ನು ನಾನು ಕೇಳಿರಲಿಲ್ಲ.

ಹಾರ್ಸಮ್‌ನ ವೃದ್ಧರ ಮನೆಯಲ್ಲಿ ನನ್ನ ಅಕ್ಕ ರೆನ್ಸ್ಕೆ ಇದ್ದಾಳೆ. ಅವಳಿಗೆ ಕಣ್ಣು ಕಾಣುವುದಿಲ್ಲ. ದಿನಾ ಹತ್ತು ಗಂಟೆಗೆ ನಾನು ಹೋಗಿ, ಒಂದು ಲೋಟ ಕಾಫಿ, ಒಂದೇ ಒಂದು ಬಿಸ್ಕತ್ತಿನ ಜೊತೆಗೆ ಪತ್ರಿಕೆಯನ್ನು ಮೊದಲ ಪುಟದಿಂದ ಸಾವಿನ ಸುದ್ದಿಯವರೆಗೆ ಓದಿ ಹೇಳುತ್ತಿದ್ದೆ. ಅವಳ ಲೋಕವೆಲ್ಲ ಆ ಒಂದು ಗಂಟೆಯಲ್ಲಿತ್ತು, ನನ್ನದೂ ಹೆಚ್ಚುಕಡಿಮೆ ಅಷ್ಟೇ.

ಬಸ್ಸು ನಿಲ್ಲಿಸುವ ಪ್ರಸ್ತಾಪ ಪುರಸಭೆಗೆ ಬಂದ ದಿನ ನಾಗರಿಕರ ಪರವಾಗಿ ಮೂರು ನಿಮಿಷ ಮಾತನಾಡಿದವಳೂ ನಾನೇ. ಹದಿನೈದು ಸದಸ್ಯರಲ್ಲಿ ಏಳು ಜನ ಬಸ್ಸಿನ ವಿರುದ್ಧ, ಆರು ಜನ ಪರ. ತಮ್ಮ ಇಬ್ಬರು ಪ್ರತಿನಿಧಿಗಳು ಕೈಬಿಡದಿದ್ದರೆ ಗೆಲುವು ನಮ್ಮದೇ ಎಂದು ಬೆರಳು ಮಡಚಿ ಲೆಕ್ಕ ಹಾಕಿಕೊಂಡು ಹೋಗಿದ್ದೆ. ಅಕ್ಕನ ಕಣ್ಣು, ಕಾಫಿ, ಪತ್ರಿಕೆಯ ವಿಷಯವನ್ನೆಲ್ಲ ಒಂದು ಕಡೆಯೂ ತಡವರಿಸದೆ ಹೇಳಿದೆ. ತಮ್ಮ ಪ್ರತಿನಿಧಿಗಳ ಮನಸ್ಸು ಕರಗಿ ನೀರಾಯಿತು. ಚಪ್ಪಾಳೆಯ ಸದ್ದಿಗೆ ಮೆತ್ತನೆಯವರು ಬೆದರುತ್ತಾರೆಂದು ತಮ್ಮ ಪಕ್ಷದಲ್ಲಿ ಎರಡೂ ಕೈ ಮೇಲೆತ್ತಿ ಬೆರಳು ಆಡಿಸಿ ಮೆಚ್ಚುಗೆ ಸೂಚಿಸುವ ಪದ್ಧತಿಯಿದೆಯಲ್ಲ, ಅವರು ಹಾಗೆಯೇ ಆಡಿಸಿದರು, ಬಹಳ ಹೊತ್ತು ಆಡಿಸಿದರು. ಅಷ್ಟರಲ್ಲಿ ಮೇಯರ್ ಸಾಹೇಬರು, "ಬಸ್ಸು ನಿಲ್ಲಿಸೋದಕ್ಕೆ ಒಪ್ಪಿಗೆ ಇರೋರು ಕೈ ಎತ್ತಿ" ಎಂದರು. ಗುಮಾಸ್ತರು ಎಣಿಸಿದರು: ಒಂಬತ್ತು. ನಾಲ್ಕು ಕೈಗಳಿಗೆ ಎರಡೇ ಮತ ಹಿಡಿದದ್ದು ಅವರ ದೊಡ್ಡ ಗುಣ.

ಆಗಲಾದರೂ ಬಾಯಿಬಿಟ್ಟು ತಪ್ಪಾಯಿತೆಂದು ಕೂಗಬಹುದಿತ್ತು. ಆದರೆ ಇನ್ನೊಬ್ಬರ ಮಾತಿನ ನಡುವೆ ಬಾಯಿ ಹಾಕುವುದು ತಮ್ಮಲ್ಲಿ ಹಿಂಸೆಗೆ ಸಮಾನ. ಆದ್ದರಿಂದ ಅವರು ಬೆರಳುಗಳನ್ನು ತ್ರಿಕೋನದಂತೆ ಜೋಡಿಸಿಕೊಂಡು, ಆಕ್ಷೇಪಣೆಯಿದೆ ಎಂಬ ತಮ್ಮ ಪಕ್ಷದ ಸಂಜ್ಞೆಯನ್ನು ಹನ್ನೊಂದು ನಿಮಿಷ ಹಿಡಿದು ಕುಳಿತರು. ಪುರಸಭೆ ಅಷ್ಟರಲ್ಲಿ ನಾಯಿಗಳ ತೆರಿಗೆಗೆ ಹೋಗಿತ್ತು.

ಇದನ್ನೆಲ್ಲ ನಾನು ಮರುದಿನದ ಪತ್ರಿಕೆಯಿಂದ ಅಕ್ಕನಿಗೆ ಓದಿ ಹೇಳಬೇಕಾಯಿತು. ಅವಳು ಬಿಸ್ಕತ್ತು ಮುಗಿಸಿ ಹೇಳಿದಳು: "ನೀನು ಅಷ್ಟು ಚೆನ್ನಾಗಿ ಮಾತಾಡ್ಬಾರ್ದಿತ್ತು ಕಣೇ. ಸ್ವಲ್ಪ ತಡವರಿಸಿದ್ರೆ ಬಸ್ಸು ಉಳೀತಿತ್ತು."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಮಾತು ತಮಗೆ ಅನ್ವಯಿಸುವುದಿಲ್ಲ, ಏಕೆಂದರೆ ಬಾಗಿಲು ಹಾಕುವುದಕ್ಕೂ ತಮ್ಮಲ್ಲಿ ಒಮ್ಮತ ಬೇಕು. ಮರುಮತದಾನ ಕೇಳಬೇಕೇ ಎಂದು ತಾವು ನಡೆಸಿದ ಮೂರು ಸಭೆಗಳಿಗೂ ಬಂದು, ಮೂಲೆಯ ಸ್ಟೂಲಿನ ಮೇಲೆ ಕೂತು ಕೇಳಿದ್ದೇನೆ. ಹತ್ತು ಜನ ಬೇಕೆಂದರು. ತಮ್ಮ ಹನ್ನೊಂದನೆಯವರಾದ, ಆಡು ಸಾಕುವ ವೊಬ್ಬೆ ಅವರು ಮಾತ್ರ ಎದೆಯ ಮುಂದೆ ತೋಳುಗಳನ್ನು ಅಡ್ಡ ಹಿಡಿದರು. ಒಬ್ಬರು ಹಾಗೆ ಹಿಡಿದರೆ ಪಕ್ಷವೇ ನಿಲ್ಲಬೇಕೆಂಬುದು ತಮ್ಮ ನಾಲ್ಕನೇ ನಿಯಮ. "ನಿಮ್ ಮೇಲೆ ನಂಗೇನೂ ಬೇಜಾರಿಲ್ಲ ಅಫ್ಕೆ ಅವ್ರೇ," ಎಂದು ಅವರು ನನಗೆ ಮೃದುವಾಗಿಯೇ ಹೇಳಿದರು, "ಆದ್ರೆ ಅದು ಡೀಸೆಲ್ ಬಸ್ಸು. ಹೊಗೆಗೆ ನಾನು ಕೈ ಎತ್ತಲ್ಲ." ಅವರ ತತ್ವನಿಷ್ಠೆಗೆ ತಲೆಬಾಗುತ್ತೇನೆ. ಈಗ ಮಂಗಳವಾರಕ್ಕೊಮ್ಮೆ ಪಕ್ಕದ ಮನೆಯವರು ನನ್ನನ್ನು ತಮ್ಮ ಹಳೆಯ ಕಾರಿನಲ್ಲಿ ಕರೆದೊಯ್ಯುತ್ತಾರೆ; ಅದು ಆ ಬಸ್ಸಿಗಿಂತ ಹೆಚ್ಚು ಹೊಗೆ ಬಿಡುತ್ತದೆ. ಅಕ್ಕ ಒಂದು ವಾರದ ಹಳಸಿದ ಸುದ್ದಿಯನ್ನು ಒಂದೇ ಸಲಕ್ಕೆ ಕೇಳುತ್ತಾಳೆ. ಹೋದ ವಾರ ಅವಳ ಬಾಲ್ಯದ ಗೆಳತಿ ತೀರಿಕೊಂಡ ಸುದ್ದಿ ಓದುವ ಹೊತ್ತಿಗೆ ಮಣ್ಣಾಗಿ ನಾಲ್ಕು ದಿನವಾಗಿತ್ತು. ಆ ದಿನ ಅವಳು ತಮಾಷೆ ಮಾಡಲಿಲ್ಲ. ನನಗೆ ತಮ್ಮೆಲ್ಲರ ಮೇಲೆ ತುಂಬಾ ಸಿಟ್ಟು ಬಂತು.

ಸೈಕಲ್ ಹೊಡೆಯಿರೆಂದು ತಾವು ಪ್ರೀತಿಯಿಂದ ಸಲಹೆ ಕೊಟ್ಟಿದ್ದೀರಿ. ಹದಿನಾಲ್ಕು ಕಿಲೋಮೀಟರ್ ತಾನೇ. ನನ್ನ ಮಂಡಿಗಳನ್ನು ಹೇಗೋ ಒಪ್ಪಿಸುತ್ತೇನೆ. ತಾವು ದಯವಿಟ್ಟು ಗಾಳಿಯನ್ನು ಒಪ್ಪಿಸಿ, ಬೆಳಿಗ್ಗೆ ಹಾರ್ಸಮ್ ಕಡೆಗೂ ಮಧ್ಯಾಹ್ನ ಓಲ್ಡೆವೀರ್ ಕಡೆಗೂ ಬೀಸುವಂತೆ ಒಂದು ನಿರ್ಣಯ ಮಾಡಿಸಿ. ಆಗದಿದ್ದರೆ ಕಾಲುವೆಯನ್ನು ಅತ್ತ ಇಳಿಜಾರಾಗಿಸಿ, ತೇಲಿಕೊಂಡು ಹೋಗುತ್ತೇನೆ. ಗಾಳಿಯೂ ನೀರೂ ತಮ್ಮ ಖಾತೆಯೆಂದು ಕರಪತ್ರದಲ್ಲೇ ಇದೆಯಲ್ಲ.

ತಮ್ಮ ಸದುದ್ದೇಶದಲ್ಲಿ ಇನ್ನೂ ನಂಬಿಕೆ ಕಳೆದುಕೊಳ್ಳಲಾಗದ,

ತಮ್ಮ ವಿಶ್ವಾಸಿ,
ಅಫ್ಕೆ ವಾರಿಂಗಾ

ತಾ.ಕ.: ಮೂರು ಸಭೆಗಳಿಗೆ ಬಂದು ಕೂತವರು ತಾವಾಗಿಯೇ ಪೂರ್ಣ ಸದಸ್ಯರಾಗುತ್ತಾರೆ ಎಂಬ ತಮ್ಮ ಏಳನೇ ನಿಯಮವನ್ನು ಅಕ್ಕನಿಗೆ ಎರಡು ಸಲ ಓದಿ ಹೇಳಿದೆ. ಆ ಪ್ರಕಾರ ತಾವೀಗ ಹನ್ನೆರಡು ಮಂದಿ. ಮುಂದಿನ ಗುರುವಾರದ ಸಭೆಯಲ್ಲಿ ಚುನಾವಣೆಯ ಅಭ್ಯರ್ಥಿಗಳ ಪಟ್ಟಿಗೆ ಒಮ್ಮತ ಬೇಕಲ್ಲವೇ, ಖಂಡಿತ ಬರುತ್ತೇನೆ. ನನ್ನ ತೋಳುಗಳಿಗೆ ಸಂಧಿವಾತ. ಎದೆಯ ಮುಂದೆ ಒಮ್ಮೆ ಅಡ್ಡ ಹಿಡಿದರೆ ಅರವತ್ಮೂರನೇ ನಂಬರಿನ ಬಸ್ಸಿನ ಹಾರ್ನ್ ಕೇಳುವವರೆಗೆ ಬಿಚ್ಚುವುದಿಲ್ಲ.