ಅಸಾನ್‌ಕುಲ್ ಅಗಾಯ್ ಜಾಗ ಬದಲಿಸಿದ್ದು

ಉದ್ದುದ್ದ ಬರೆದರೆ ಯಾರೂ ಓದುವುದಿಲ್ಲ ಎಂದು ವಿಶ್ವವಿದ್ಯಾಲಯದ ಮುಖ್ಯಸ್ಥರಾದ ರೆಕ್ಟರ್ ಗದರಿದ್ದರಿಂದ ಕಂಪ್ಯೂಟರ್ ನೋಡಿಕೊಳ್ಳುವ ಮೆದೆರ್ ಆ ಬೆಳಿಗ್ಗೆ ಸಿಬ್ಬಂದಿಗೆಲ್ಲ ಚುಟುಕಾಗಿ ಬರೆದ: “ಹಳೆಯ ಜಾಗ ಇಂದು ಸಂಜೆಗೆ ಮುಚ್ಚುತ್ತದೆ. ಅಷ್ಟರೊಳಗೆ ಎಲ್ಲರೂ ಹೊಸದಕ್ಕೆ ಹೋಗಬೇಕು. ಹೋದವರು ತಿಳಿಸಿ.”

ಅವನು ಬರೆದದ್ದು ಇ-ಮೇಲ್ ಬಗ್ಗೆ. ಆಕ್‌ಬೆಲ್ ವಿಶ್ವವಿದ್ಯಾಲಯದ ಮೇಲ್ ವ್ಯವಸ್ಥೆ ಮುದಿ ಕತ್ತೆಯ ಹಾಗೆ ಎರಡು ಹೆಜ್ಜೆ ನಡೆದು ಮೂರನೆಯದಕ್ಕೆ ಮಲಗುತ್ತಿತ್ತು. ಅದನ್ನು ಬಿಡಿಸಿ ಎಲ್ಲರನ್ನೂ ಹೊಸ ವ್ಯವಸ್ಥೆಗೆ ದಾಟಿಸುವ ಕೆಲಸ ಮೆದೆರ್‌ನ ತಲೆಗೆ ಬಿದ್ದಿತ್ತು. ಸಂಜೆಯೊಳಗೆ ಆಗದಿದ್ದರೆ ಬೇರೆ ಕೆಲಸ ಹುಡುಕಿಕೋ ಎಂದು ರೆಕ್ಟರ್ ಬೇರೆ ಹೇಳಿದ್ದರು.

ಕುರಿಮಂದೆಯನ್ನಾದರೂ ಹಿಮದ ಕಣಿವೆ ದಾಟಿಸಬಹುದು. ಈ ಮಂದೆ ಕದಲಲಿಲ್ಲ. ಲೆಕ್ಕಪತ್ರ ನೋಡುವ ಝಿಪಾರಾ, “ನಂಗೆ ಹಳೇದೇ ಆಗುತ್ತಪ್ಪಾ, ಅದ್ರಲ್ಲಿ ನನ್ನ ಮೊಮ್ಮಕ್ಕಳ ಫೋಟೋ ಇದಾವೆ” ಎಂದು ಚಹಾ ಬಗ್ಗಿಸಿಕೊಂಡಳು. ಇತಿಹಾಸ ಕಲಿಸುವ ಕುರ್ಮಾನ್ ಮೀಸೆ ಒರೆಸಿಕೊಂಡು, “ಮಂಗೋಲರು ಬಂದು ಹೋದ್ರು, ನಾವು ಜಾಗ ಬಿಡ್ಲಿಲ್ಲ. ನಿನ್ನ ಮೇಲ್‌ಗೆ ಬಿಡ್ತೀವೇನೋ?” ಎಂದ.

ಮಧ್ಯಾಹ್ನ ಕಳೆದ ಮೇಲೆ ಮೊದಲ ಉತ್ತರ ಬಂತು. ಬಂದದ್ದು ಎಲ್ಲರಿಗೂ.

“ನಾನು ಹೊಸ ಜಾಗಕ್ಕೆ ಬಂದಾಯಿತು. ಸ್ವಲ್ಪ ಚಳಿ, ಬೆಳಕಿಲ್ಲ. ಆದರೆ ಜಾಗ ಬೇಕಾದಷ್ಟಿದೆ. ನೀವೂ ಬೇಗ ಬನ್ನಿ.”

ಯಾರಪ್ಪಾ ಈ ಪುಣ್ಯಾತ್ಮ ಎಂದು ಮೆದೆರ್ ಖುಷಿಯಿಂದ ಹೆಸರು ನೋಡಿದ. ಪ್ರೊಫೆಸರ್ ಅಸಾನ್‌ಕುಲ್, ಭೂಗರ್ಭಶಾಸ್ತ್ರ. ಅವನು ಹೆಸರನ್ನು ಇನ್ನೊಮ್ಮೆ ಓದಿದ. ಎಲ್ಲರೂ ಅಗಾಯ್, ಎಂದರೆ ಮೇಷ್ಟ್ರು, ಎಂದೇ ಕರೆಯುತ್ತಿದ್ದ ಅಸಾನ್‌ಕುಲ್ ತೀರಿಕೊಂಡು ವರ್ಷವಾಗುತ್ತ ಬಂದಿತ್ತು. ಅವರ ಗುಂಡಿಗೆ ಮಣ್ಣು ಹಾಕಿದವರಲ್ಲಿ ಇವನೂ ಒಬ್ಬ.

ಪಕ್ಕದ ಕೋಣೆಯಲ್ಲಿ ಚಹಾದ ಬಟ್ಟಲು ಬಿದ್ದು ಒಡೆಯಿತು.

“ಮೆದೆರ್! ಏನೋ ಇದು?” ಝಿಪಾರಾ ಫೋನನ್ನು ಸತ್ತ ಇಲಿಯ ಹಾಗೆ ತುದಿಬೆರಳಲ್ಲಿ ಹಿಡಿದು ಬಂದಳು. ಅವಳ ಹಿಂದೆ ಕುರ್ಮಾನ್, ಅವನ ಹಿಂದೆ ಅರ್ಧ ಕಚೇರಿ.

“ಯಾರೋ ತಮಾಷೆ ಮಾಡಿರ್ಬೇಕು, ಎಜೆ” ಎಂದು ಮೆದೆರ್ ಅಕ್ಕನನ್ನು ಸಮಾಧಾನಿಸುವಂತೆ ಹೇಳಿದ.

“ಅಗಾಯ್ ಬದುಕಿದ್ದಾಗಲೇ ತಮಾಷೆ ಮಾಡ್ದೋರಲ್ಲ. ಈಗ ಮಾಡ್ತಾರಾ?”

ಅಷ್ಟರಲ್ಲಿ ಎಲ್ಲರ ಫೋನುಗಳೂ ಒಟ್ಟಿಗೆ ಟಿಂಗ್ ಎಂದವು.

“ಝಿಪಾರಾ, ನಿನಗೆ ನನ್ನ ಪಕ್ಕದಲ್ಲೇ ಜಾಗ ಹಿಡಿದಿದ್ದೇನೆ.”

ಝಿಪಾರಾ ಕುರ್ಚಿ ಇದೆಯೋ ಇಲ್ಲವೋ ನೋಡದೆ ಕೂತಳು. ಇರಲಿಲ್ಲ. ಅವಳನ್ನು ಎತ್ತಿ ನಿಲ್ಲಿಸುವಷ್ಟರಲ್ಲಿ ಮತ್ತೊಂದು ಟಿಂಗ್.

“ಮೂರನೇ ಮಹಡಿಯ ಕಿಟಕಿಯಿಂದ ನಿಮ್ಮನ್ನೆಲ್ಲ ನೋಡುತ್ತಿದ್ದೇನೆ. ಯಾರೂ ಹೊರಡುವ ಹಾಗೆ ಕಾಣುವುದಿಲ್ಲವಲ್ಲ?”

ಯಾರೂ ತಿರುಗಬಾರದೆಂದುಕೊಂಡೇ ಎಲ್ಲರೂ ತಿರುಗಿದರು. ಅಂಗಳದಾಚೆ, ಇನ್ನೂ ಉದ್ಘಾಟನೆಯಾಗದ ಹೊಸ ಕಟ್ಟಡ ಮಂಜಿನಲ್ಲಿ ಬೂದಿ ಬಣ್ಣವಾಗಿ ನಿಂತಿತ್ತು. ಅದಕ್ಕೆ ವಿದ್ಯುತ್ ಬಂದಿರಲಿಲ್ಲ. ಆದರೂ ಮೂರನೇ ಮಹಡಿಯ ಒಂದು ಕಿಟಕಿಯಲ್ಲಿ ನೀಲಿ ಉರಿ ಅಲುಗುತ್ತಿತ್ತು. ಅದರ ಮುಂದೆ ಏನೋ ಒಂದು ಬಾಗಿತು, ಎದ್ದಿತು.

ಕುರ್ಮಾನ್‌ಗೆ ಮಂಗೋಲರು ಮರೆತೇಹೋದರು. “ನೀನು ತಾನೇ ಕರೆದದ್ದು? ನೀನೇ ಹೋಗಿ ವಾಪಸ್ ಕಳಿಸಿ ಬಾ” ಎಂದು ಮೆದೆರ್‌ನನ್ನು ಬಾಗಿಲಾಚೆ ನೂಕಿದ. ಟೋಪಿ ಹಾಕಿಕೊಳ್ಳುವುದಕ್ಕೂ ಬಿಡಲಿಲ್ಲ.

ಅಂಗಳ ದಾಟುವಾಗ ಕಾಲಡಿಯ ಹಿಮ ಕರಕರ ಎನ್ನುತ್ತಿತ್ತು. ನಿಂತರೆ ಇನ್ನೊಬ್ಬರು ಹಿಂದೆ ನಿಂತ ಹಾಗಾಗುತ್ತಿತ್ತು. ಹೊಸ ಕಟ್ಟಡದ ಬಾಗಿಲಿಗೆ ಬೀಗ ಕೂರಿಸಿರಲಿಲ್ಲ. ಒಳಗೆ ಒದ್ದೆ ಸುಣ್ಣದ ಕತ್ತಲೆ. ಬೆಳಕು ಮಾಡೋಣವೆಂದು ಫೋನ್ ತೆಗೆದರೆ ಚಳಿಗೆ ಅದು ಕಣ್ಣು ಮುಚ್ಚಿತ್ತು.

ಎರಡನೇ ಮಹಡಿಯಲ್ಲಿ ಅವನ ಮೂಗಿಗೆ ವಾಸನೆ ಬಡಿಯಿತು. ಕಾದ ಎಣ್ಣೆಯ ವಾಸನೆ. ಸತ್ತವರ ಹೆಸರಿನಲ್ಲಿ ಎಣ್ಣೆ ಕಾಯಿಸಿದರೆ ವಾಸನೆ ಹಿಡಿದು ಅವರು ಬರುತ್ತಾರೆ ಎನ್ನುತ್ತಿದ್ದಳು ಅವನ ಅಜ್ಜಿ. ಅವರೇ ಕಾಯಿಸಿದರೆ ಯಾರು ಬರಬೇಕು? ಅಜ್ಜಿ ಅದನ್ನು ಹೇಳಿರಲಿಲ್ಲ.

ಮೂರನೇ ಮಹಡಿ. ಅರ್ಧ ತೆರೆದ ಬಾಗಿಲು. ಒಳಗಿನಿಂದ ಕ್ಷೀಣ ದನಿ: “ಬಂದ್ಯಾ? ಒಬ್ಬನೇನಾ?”

ಮೆದೆರ್ ಒಂದು ಹೆಜ್ಜೆ ಹಿಂದಕ್ಕಿಟ್ಟ.

“ಬಾಗಿಲು ಹಾಕ್ಕೊಂಡು ಬಾ ಮಗನೇ, ಗಾಳಿ ಬೀಸುತ್ತೆ.”

ಗಂಟುಮೂಟೆಗಳ ನಡುವೆ, ಸುತ್ತಿಟ್ಟ ಕಂಬಳಿಯ ಮೇಲೆ ಒಬ್ಬ ಮುದುಕಿ. ಮುಂದೆ ಗ್ಯಾಸ್ ಒಲೆ, ಕಡಾಯಿಯಲ್ಲಿ ಉಬ್ಬುತ್ತಿರುವ ಹಿಟ್ಟಿನ ತುಂಡುಗಳು, ಬೋರ್ಸೋಕ್. ಅಸಾನ್‌ಕುಲ್ ಅಗಾಯ್ ಅವರ ಹೆಂಡತಿ ಬಾತ್ಮಾ.

“ಅಪಾ, ಅಮ್ಮಾ! ನೀವು ಇಲ್ಲೇನು ಮಾಡ್ತಿದ್ದೀರಿ?”

“ನೀವೇ ಬರೆದ್ರಲ್ಲ, ಹಳೇ ಜಾಗ ಸಂಜೆಗೆ ಮುಚ್ಚುತ್ತೆ ಅಂತ. ಯೂನಿವರ್ಸಿಟಿ ಕೊಟ್ಟ ಮನೆ, ಅವರು ಹೋದ ಮೇಲೆ ಒಂದಲ್ಲಾ ಒಂದಿನ ಬಿಡು ಅಂತಾರೆ ಅಂತ ಗೊತ್ತಿತ್ತು. ಹೊಸ ಜಾಗ ಅಂದ್ರೆ ಈ ಹೊಸ ಕಟ್ಟಡಾನೇ ಅಂದ್ಕೊಂಡು ಬೆಳಿಗ್ಗೆಯಿಂದ ಸಾಮಾನು ಹೊತ್ತೆ. ಎಲ್ಲರೂ ಬರ್ತೀರಲ್ಲ, ಹಸಿದಿರ್ತೀರಿ ಅಂತ ಕರೀತಾ ಇದ್ದೀನಿ.”

“ಮತ್ತೆ ಅಗಾಯ್ ಹೆಸರಲ್ಲಿ ಬಂದ ಮೇಲ್?”

ಅವಳು ಮಡಿಲಿನಿಂದ ಹಳೆಯ ಫೋನು ತೆಗೆದಳು. “ಇದು ಅವರದೇ. ಆರಿಸೋಕೆ ಮನಸ್ಸು ಬರ್ಲಿಲ್ಲ. ಟಿಂಗ್ ಅಂದಾಗೆಲ್ಲ ಮನೇಲಿ ಇನ್ನೊಬ್ರು ಇದ್ದ ಹಾಗಾಗುತ್ತೆ.”

ಮೆದೆರ್ ನೆಲದ ಮೇಲೆ ಕುಸಿದು ಕೂತ. ನಗು ಬಂತು, ಆಮೇಲೆ ನಾಚಿಕೆಯಾಯಿತು. ಮುಚ್ಚುವುದು ಮೇಲ್, ಮನೆಯಲ್ಲ ಎಂದು ತಿಳಿಸಿ ಹೇಳಿದಾಗ ಬಾತ್ಮಾ ಸೆರಗಿನಂತೆ ತಲೆವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು. “ಅಯ್ಯೋ, ಊರೆಲ್ಲ ನಗುತ್ತೆ. ನನ್ನ ಹೆಸರು ಮಾತ್ರ ಎತ್ತಬೇಡ ಮಗನೇ.”

“ಎತ್ತಲ್ಲ ಅಪಾ. ಅಲ್ಲಿ ಎಲ್ಲರೂ ಹೆದರಿದ್ದಾರೆ, ಒಂದೇ ಮಾತು ತಿಳಿಸಿಬಿಡ್ತೀನಿ.”

ಅಗಾಯ್ ಅವರ ಆ ಫೋನಿನಲ್ಲೇ, ಅವಳ ಹೆಸರು ಬಾರದಂತೆ ಎಚ್ಚರ ವಹಿಸಿ, ಅವನು ಬರೆದ: “ನಾನು ಮೆದೆರ್. ಅಗಾಯ್ ಹತ್ತಿರ ಬಂದಿದ್ದೇನೆ. ಇಲ್ಲಿ ಹೆದರುವಂಥದ್ದೇನೂ ಇಲ್ಲ. ಕತ್ತಲಾಗುವುದರೊಳಗೆ ಬಂದು ನಿಮ್ಮನ್ನೂ ಒಬ್ಬೊಬ್ಬರಾಗಿ ಹೊಸ ಜಾಗಕ್ಕೆ ಸೇರಿಸುತ್ತೇನೆ.” ಕಳಿಸಿ ನೆಮ್ಮದಿಯ ಉಸಿರು ಬಿಟ್ಟ.

ಮುದುಕಿಯ ಸಾಮಾನನ್ನೆಲ್ಲ ಬೆನ್ನ ಮೇಲೆ ಹೊತ್ತು ಹಿಂಬದಿಯ ದಾರಿಯಿಂದ ಅವಳ ಮನೆ ಸೇರಿಸಿದ. ಮೆಟ್ಟಿಲಲ್ಲಿ ಹಿಟ್ಟಿನ ಚೀಲ ಬಾಯಿಬಿಟ್ಟು ಅವನ ತಲೆಯಿಂದ ಬೂಟಿನವರೆಗೆ ಸುರಿಯಿತು. ಕೊಡವಿಕೊಳ್ಳಲು ಪುರುಸೊತ್ತಿರಲಿಲ್ಲ, ಹೊತ್ತು ಇಳಿಯುತ್ತಿತ್ತು.

ಕಚೇರಿಯ ಮೊಗಸಾಲೆ ಕತ್ತಲಾಗಿತ್ತು. ಒಳಗಿನಿಂದ ಹೆಂಗಸರ ರಾಗದ ಅಳು ಕೇಳಿಸಿತು. ಯಾರು ಹೋದರಪ್ಪಾ ಎಂದು ಮೆದೆರ್ ಬಿರಬಿರನೆ ನಡೆದ. ಝಿಪಾರಾ ಹಾಡಿಕೊಂಡು ಅಳುತ್ತಿದ್ದಳು: “ಹಿಮದಲ್ಲಿ ಟೋಪಿಯಿಲ್ಲದೆ ಹೋದೆಯಲ್ಲೋ, ನನ್ನ ಕಂಪ್ಯೂಟರ್ ಕೆಟ್ಟಾಗೆಲ್ಲ ಓಡಿ ಬರ್ತಿದ್ದೆಯಲ್ಲೋ...” ರೆಕ್ಟರ್ ಗದ್ಗದ ದನಿಯಲ್ಲಿ, “ಅಂಥ ಕೆಲಸಗಾರ ಇನ್ನು ಸಿಗಲ್ಲ” ಎನ್ನುತ್ತಿದ್ದರು. ಆ ಬಾಯಿಂದ ಒಳ್ಳೆಯ ಮಾತನ್ನು ಮೆದೆರ್ ಕೇಳಿದ್ದು ಅದೇ ಮೊದಲು. ಅದು ಯಾರ ಬಗ್ಗೆ ಎಂದು ಹೊಳೆಯುವಷ್ಟರಲ್ಲಿ ಅವನ ಕೈ ಬಾಗಿಲು ತಳ್ಳಿಬಿಟ್ಟಿತ್ತು.

ಎಲ್ಲರೂ ಅವನನ್ನು ನೋಡಿದರು: ಅಡಿಯಿಂದ ಮುಡಿಯವರೆಗೆ ಬಿಳಿ, ಕಣ್ಣೆರಡು ಮಾತ್ರ ಕಪ್ಪು.

“ಬಂದೆ” ಎಂದ ಮೆದೆರ್. “ಮೊದಲು ಯಾರು ಬರ್ತೀರಿ?”

ಇಡೀ ಕಚೇರಿ ಒಂದೇ ಕಂಠದಲ್ಲಿ ಕಿರುಚಿತು. ಬಾಗಿಲು ಅವನ ಮೂಗಿನ ಮೇಲೆ ಮುಚ್ಚಿಕೊಂಡಿತು. ಅಗುಳಿ ಬಿತ್ತು, ಅದರ ಹಿಂದೆ ಬೀರು ಎಳೆದ ಸದ್ದಾಯಿತು.

“ತೆಗೀರಿ! ನಾನು ಬದುಕಿದ್ದೀನಿ! ಕುರ್ಮಾನ್, ನೀನಾದ್ರೂ ಹೇಳೋ!”

ಆಮೇಲೆ ಬಾಗಿಲ ಸಂದಿಯಿಂದ ಕುರ್ಮಾನ್‌ನ ದನಿ ಬಂತು, ಎಂದೂ ಇಲ್ಲದಷ್ಟು ಮೆತ್ತಗೆ.

“ಹೊಸದರಲ್ಲಿ ಎಲ್ಲರಿಗೂ ಹಾಗೇ ಅನ್ಸುತ್ತಪ್ಪಾ. ಹೋಗ್ತಾ ಹೋಗ್ತಾ ಅಭ್ಯಾಸ ಆಗುತ್ತೆ.”